ಬಾಗಿಲ ಮಗ್ಗಲದ ಸೊನ್ನಿ

ಒಂಬತ್ತು ದಿನಕ್ಕೊಮ್ಮೆ ನಳ ಬರೂ ಓಣಿ ನಮ್ಮದು.
ರಾತ್ರಿ ಎರಡಾಗಲಿ, ಮೂರಾಗಲಿ, ಬಂತಂದರ
ಬಿಜಾಪುರದ ಈ ಬಡಿಗೇರ ಓಣಿಯೊಳಗ
ಕೊಡ, ಬಕೀಟು, ಹಂಡೆ, ಎಣ್ಣಿ ಡಬ್ಬಿ,
ಹೊಟ್ಟಿ ಇದ್ದದ್ದೆಲ್ಲಾ ಹೊರಗ ಬರತಾವ.

ನಾ ರೊಟ್ಟಿ ಮಾರಾಕಿ. ದಿನಕ್ಕ ಮುನ್ನೂರು ಖಟಕ ರೊಟ್ಟಿ.
ಜ್ವಾಳದ ಹಿಟ್ಟು ಕೈ ಮಾತು ಕೇಳಂಗಿಲ್ಲ,
ನೀರಿನ ಮಾತು ಕೇಳತೈತಿ.

ಶ್ರಾವಣದ ಮೊದಲ ಮಂಗಳವಾರ ಮಾಲನಬಿ ಬಂದಳು,
ಗುಲಾಬಿ ಸೀರಿ, ಕೈಯಾಗ ಬ್ಯಾಟರಿ, ಬಗಲಾಗ ರಿಜಿಸ್ಟರ್.
ಬ್ಯಾರಲ್ಲಿನೊಳಗ ಬೆಳಕು ಬಿಟ್ಟು, ಬಗ್ಗಿ ನೋಡಿ,
"ಅಕ್ಕಾರ, ವಾರಕ್ಕೊಮ್ಮೆ ಚೆಲ್ಲಿ, ತಿಕ್ಕಿ, ಒಣಗಸ್ರಿ" ಅಂದಳು.
"ಚೆಲ್ಲಾಕ ನಿಮ್ಮಪ್ಪ ತುಂಬಿಸ್ಯಾನೇನು?" ಬಾಯಿತನಕ ಬಂತು.
ನುಂಗಿದೆ.
ಅಂಗಳದ ಬ್ಯಾರಲ್ ಅಕಿ ಎದುರಿಗೇ ಉರುಳಿಸಿದೆ.
ಗಟಾರಕ್ಕ ಹರಿಯೂದು ನೋಡಿ ಎದಿ ಚುರ್ ಅಂತು.
"ಮತ್ತೊಂದು ಇಲ್ಲೇನ್ರಿ?"
"ಇಲ್ಲ."

ಬಚ್ಚಲ ಹಿಂದ, ಗೋಣಿಚೀಲದ ಬುಡಕ,
ನೀಲಿ ಬ್ಯಾರಲ್ ಉಸಿರು ಹಿಡಕೊಂಡು ಕುಂತಿತ್ತು.
ಬಾಗಿಲ ಮಗ್ಗಲ ಗ್ವಾಡಿಗೆ ಚಾಕ್ ಹಚ್ಚಿ
ಮಾಲನಬಿ ತಾರೀಖು ಬರೆದಳು.
ಹುಳ ಅಂತ ಬರೆದು, ಮುಂದ ಒಂದು ಸೊನ್ನಿ.
ನನ್ನ ಮಾತು ನಂಬಿ ಸುತ್ತಿದ ಸೊನ್ನಿ.

ನನ್ನ ನೀರು, ನನ್ನ ಮನಿ, ನನ್ನ ಮೈ.
ಜ್ವರ ಬಂದರ ನಾ ಮಲಗತೀನಿ, ಅವರಿಗೇನು?
ಹಿಂಗಂದುಕೊಂಡೇ ಹಿಟ್ಟು ನಾದಿದೆ.

ಎರಡು ವಾರ ಆಗಿರಬೇಕು.
ಗ್ವಾಡಿ ಆಚೆ ಹಂಚಿನಾಳರ ಸಮ್ಮಿ,
ಏಳು ವರ್ಷದ ಪೋರಿ, ಕುಂಟಲಿಪಿ ಆಡಾಕ ಬರಲಿಲ್ಲ.
ಮೊದಲು ಜ್ವರ ಅಂದರು. ಆಮ್ಯಾಲ ಡೆಂಗಿ ಅಂದರು.
ಸಂಜಿಗೊಮ್ಮೆ ದವಾಖಾನಿಯಿಂದ ಫೋನು,
ಓಣಿ ತುಂಬ ಅಕಿ ರಕ್ತದ ಲೆಕ್ಕ ಓಡತಿತ್ತು
ಉಳ್ಳಾಗಡ್ಡಿ ರೇಟಿನಂಗ:
ಇವತ್ತು ಅರವತ್ತು ಸಾವಿರ.
ಇವತ್ತು ನಲವತ್ತೆರಡು.
ಹತ್ತೊಂಬತ್ತು ಅಂದ ದಿನ
ಹಂಚಿನ ಮ್ಯಾಲ ರೊಟ್ಟಿ ಹೊತ್ತಿದ್ದು ನನಗ ಗೊತ್ತಾಗಲಿಲ್ಲ.

ಆ ರಾತ್ರಿ ಗೋಣಿಚೀಲ ಸರಿಸಿದೆ.
ಮೊಬೈಲ್ ಬೆಳಕಿಗೆ ನೀರು ನಡುಗಿತು,
ಸಣ್ಣ ಸಣ್ಣ ಕೊಂಕು ದಾರದ ತುಂಡು
ಮ್ಯಾಲ ಕೆಳಗ, ಮ್ಯಾಲ ಕೆಳಗ.
ನಾ ಕೂಡಿಟ್ಟದ್ದು ನೀರಷ್ಟ ಅಲ್ಲ.

ಪೋರಿಗೆ ಕಚ್ಚಿದ್ದು ಇಲ್ಲಿಂದಲೇ ಹಾರಿತ್ತೋ ಏನೋ,
ಯಾರು ಹೇಳಬೇಕು?
ಎದುರುಮನಿ ಮಾಳಿಗಿ ಮ್ಯಾಲ ಹಳೇ ಟೈರು,
ಗ್ಯಾರೇಜಿನವನ ಡ್ರಮ್ಮು,
ಹಂಚಿನಾಳರ ಮನಿಯೊಳಗೂ ಮಂಚದ ಬುಡಕ ಎರಡು ಕೊಡ.
ಎಲ್ಲಾರ ಗ್ವಾಡಿಗೂ ಸೊನ್ನಿ.
ಗುಂಗಾಡಕ್ಕ ಮನಿ ನಂಬರ್ ಓದಾಕ ಬರಂಗಿಲ್ಲ.

ಚೆಲ್ಲಿದೆ. ಬರೇ ಚೆಲ್ಲಿದೆ ಅಂದರ ಸುಳ್ಳು,
ಅರ್ಧ ಬಚ್ಚಲ ತೊಳೆದೆ, ಅರ್ಧ ಬೇವಿನ ಗಿಡಕ್ಕ ಹಾಕಿದೆ,
ಸುಮ್ಮನ ಕಳಿಯಾಕ ಕೈ ಬರಲಿಲ್ಲ.
ನಾರು ಹಾಕಿ ತಿಕ್ಕಿ, ನಮ್ಮತ್ತಿಯ ಹಳೇ ಸೀರಿ
ಎರಡು ಮಡಿಕಿ ಮಾಡಿ ಬಾಯಿಗೆ ಬಿಗಿದೆ.
ನಾಕು ದಿನ ರೊಟ್ಟಿ ಬಂದ್.
ಪಾಲಿಕಿಯವರಿಗೆ ಮನಸಾರೆ ಬೈದೆ. ಬೈಬೇಕಾದ್ದೇ.
ಅವರ ತಪ್ಪಿನ ಬುಡಕ ನನ್ನ ಬ್ಯಾರಲ್ ಹಿಡಿಯಂಗಿಲ್ಲ,
ಅದೂ ಖರೇನ.

ಸಮ್ಮಿ ಮನಿಗೆ ಬಂದಾಳ. ಕಾಲು ಕಡ್ಡಿ ಆಗ್ಯಾವ.
ಇವತ್ತು ನನ್ನ ಬಾಗಿಲಿಗೆ ನಿಂತು
ಚಾಕಿನ ಗೆರಿ ಮ್ಯಾಲ ಬೆರಳು ತಿರುವುತ್ತ ಕೇಳಿದಳು:
"ದೊಡ್ಡಮ್ಮ, ಇದು ರೊಟ್ಟಿ ಚಿತ್ರ ಏನು?"
ಹೂಂ ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ನಾಳೆ ಮತ್ತ ಮಾಲನಬಿ ಬರೂ ದಿನ.
ಅಕಿ ಕೇಳೂದಕ್ಕಿಂತ ಮೊದಲ
ಬಚ್ಚಲ ಹಿಂದಕ್ಕ ಕರಕೊಂಡು ಹೋಗಬೇಕು.