ಹಸಿರು ಬಾವುಟ

ಲೆಸೊಥೊದ ಬೆಟ್ಟಗಳಲ್ಲಿ, ನಮ್ಮ ಹಾ ರಮೊಖೆಲೆಯಲ್ಲಿ
ಅಂಗಡಿಗೆ ಹೆಸರಿಲ್ಲ, ಬಾವುಟವಿದೆ.
ಕೋಲಿನ ತುದಿಗೆ ಬಿಳಿ ಬಟ್ಟೆ ಹಾರಿದರೆ
ಆ ಮನೆಯಲ್ಲಿ ಜೋಳದ ಹೆಂಡ ಹದವಾಗಿದೆ.
ಕೆಂಪಾದರೆ ಕುರಿ ಕಡಿದಿದ್ದಾರೆ.
ಹಸಿರಾದರೆ ಸೊಪ್ಪು, ಕೋಸು, ಒಂದೊಂದು ದಿನ ಕುಂಬಳ.
ಅಕ್ಷರ ಬಾರದವನಿಗೂ ಆಚೆ ಗುಡ್ಡದಿಂದಲೇ
ಬೇಕಾದ್ದು ಎಲ್ಲಿದೆಯೆಂದು ಗೊತ್ತಾಗುತ್ತದೆ.

ನನ್ನನ್ನು ಊರಿನ ಆರೋಗ್ಯದವಳೆಂದು ನೇಮಿಸಿದ ವರ್ಷ
ಒಂದು ತಕ್ಕಡಿ ಕೊಟ್ಟರು, ಮಕ್ಕಳನ್ನು ನೇತುಹಾಕಿ ತೂಗುವುದು,
ಬಿಪಿ ಪಟ್ಟಿ, ತಗಡಿನ ಪೆಟ್ಟಿಗೆ, ದಪ್ಪನೆಯ ವಹಿ,
ಮತ್ತೆ ಒಂದು ನೀಲಿ ಬಾವುಟ.
“ಇದನ್ನು ಏರಿಸು ಮಾಲಿನೆಯೋ, ಜನ ಬರುತ್ತಾರೆ.”

ಏರಿಸಿದೆ.
ಯಾರೂ ಬರಲಿಲ್ಲ.

ಇಲ್ಲ, ಲೆಬಿನಾ ಅಜ್ಜ ಬಂದ.
ಇಪ್ಪತ್ತಾರು ವರ್ಷ ಗಡಿಯಾಚೆ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದವನು.
ಮೊದಲು ಅವನ ಕೆಮ್ಮು ಬರುತ್ತದೆ,
ಆಮೇಲೆ ಕೋಲು, ಆಮೇಲೆ ಅವನು.
“ನೀಲಿ ಅಂದರೆ ಏನು ಮಾರುತ್ತೀ?”
ಏನೂ ಇಲ್ಲ, ಎಲ್ಲ ಪುಕ್ಕಟೆ, ಅಂದೆ.
ಪುಕ್ಕಟೆ ಅಂದದ್ದೇ ಅವನಿಗೆ ಅನುಮಾನ.
ಕೂತ. ಉಸಿರು ತಕ್ಕೊಂಡ. ಹೋದ.

ಮೂರನೆಯ ವಾರ, ಕತ್ತಲಾದ ಮೇಲೆ, ಹಿಂಬದಿಯಿಂದ
ಪುಲೆಂಗ್ ಬಂದಳು, ಕಂಬಳಿ ಮೂಗಿನವರೆಗೆ.
“ಆ ಬಾವುಟ ಇಳಿಸಕ್ಕಾ.
ಅದರ ಕೆಳಗೆ ನಾನು ನಿಂತರೆ
ನೀರಿಗೆ ಹೋಗುವವರೆಲ್ಲ ನನ್ನ ರಕ್ತ ಓದುತ್ತಾರೆ.
ಕೆಳಗಿನ ಆಸ್ಪತ್ರೆಗೆ ನಾಲ್ಕು ಗಂಟೆ,
ಅದು ಇಳಿಯುವುದಕ್ಕೆ. ಹತ್ತುವುದನ್ನು ಕೇಳಬೇಡ.
ಮಾತ್ರೆಯ ಡಬ್ಬಿ ನಡೆದ ಹಾಗೆಲ್ಲ ಗಿಲಕಿಯಂತೆ ಸದ್ದು ಮಾಡುತ್ತದೆ,
ಹತ್ತಿ ತುರುಕಿಕೊಂಡು ಬರುತ್ತೇನೆ.”
ಮತ್ತೆ ನಾನೇನು ಮಾಡಲಿ, ಅಂದೆ.
ಅವಳು ನನ್ನ ಪಾತಿಯ ಕಡೆ ನೋಡಿದಳು.
“ಕೋಸು ಬೆಳೆದಿದ್ದೀಯಲ್ಲ.”

ನೀಲಿ ಬಟ್ಟೆ ಮೊಮ್ಮಗನ ಅಂಗಿಯಾಯಿತು.
ಹಸಿರು ಏರಿತು.

ಈಗ ಬುಧವಾರ ನನ್ನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ.
“ಎಳೆಯದು ಇದೆಯಾ?” ಅಂದರೆ ಕೂಸನ್ನು ತೂಗಬೇಕು.
“ಗಟ್ಟಿಯದು?” ಅಂದರೆ ಬಿಪಿ.
“ಹುಳ ಬಿದ್ದಿದೆಯೇನೋ ನೋಡು,”
ಇದನ್ನು ಗಂಡಸರು ನೆಲ ನೋಡುತ್ತ ಹೇಳುತ್ತಾರೆ.
ಯಾರೂ ಕಲಿಸದೆ ಹುಟ್ಟಿದ ಭಾಷೆ, ಎಡವಟ್ಟೂ ಆಗುತ್ತದೆ.
ಒಮ್ಮೆ ಒಬ್ಬ ಹುಡುಗಿ ಕೋಸು ಕೇಳಿದಳು.
ಒಳಗೆ ಕರೆದು, ಕದ ಮುಚ್ಚಿ, ಕೈ ಹಿಡಿದು
ಅರ್ಧ ಗಂಟೆ ಧೈರ್ಯ ಹೇಳಿದೆ.
ಎಲ್ಲ ಕೇಳಿಸಿಕೊಂಡು ಮೆಲ್ಲನೆ ಅಂದಳು,
“ಅಮ್ಮ ಒಲೆ ಹೊತ್ತಿಸಿ ಕಾಯುತ್ತಿದ್ದಾಳೆ.”

ಜಿಲ್ಲೆಯಿಂದ ಅಧಿಕಾರಿ ಕುದುರೆ ಹತ್ತಿ ಬಂದ,
ತೊಡೆ ನೋಯುತ್ತಿತ್ತು, ಸಿಟ್ಟು ಬಂದಿತ್ತು.
ಸೇವೆ ದೂರದಿಂದ ಕಾಣುತ್ತದೆಯೇ? ಇಲ್ಲ, ಎಂದು ಗುರುತು ಹಾಕಿದ.
ಜನರ ಮುಖ್ಯ ಅಗತ್ಯ? ಕೋಸು, ಅಂದೆ. ಬರೆದುಕೊಳ್ಳಲಿಲ್ಲ.
ಆಮೇಲೆ ವಹಿ ತಿರುವಿ, ಲೆಬಿನಾ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟ.
‘ನೀಡಿದ ಸೇವೆ’ ಎಂಬ ಕಡೆ ನಾನು ವಾರವಾರವೂ ಬರೆದದ್ದು:
ಕೂತ. ಉಸಿರು ತಕ್ಕೊಂಡ. ಹೋದ.
“ಇದು ಸೇವೆಯಲ್ಲ,” ಅಂದು ಉದ್ದಕ್ಕೆ ಗೀಟು ಎಳೆದ.

ಸರಿಯೇ ಇರಬಹುದು.
ಗಣಿಯ ಧೂಳಿಗೆ ನನ್ನ ಪೆಟ್ಟಿಗೆಯಲ್ಲಿ ಮದ್ದಿಲ್ಲ,
ಅವನ ಪೆಟ್ಟಿಗೆಯಲ್ಲೂ ಇರಲಿಲ್ಲ.
ಅಜ್ಜನಿಗೆ ಹಲ್ಲೂ ಇರಲಿಲ್ಲ. ಆದರೂ ಪ್ರತಿ ಬುಧವಾರ
ಎರಡು ಕಾಸು ಎಣಿಸಿಟ್ಟು ಒಂದು ಕೋಸು ಒಯ್ಯುತ್ತಿದ್ದ.
ಸೊಸೆ ಆಮೇಲೆ ಹೇಳಿದಳು, ಎಲ್ಲ ಕತ್ತೆಗೆ ಹಾಕುತ್ತಿದ್ದನಂತೆ.

ಹಿಮ ಬಿದ್ದ ಆ ವಾರದ ಬುಧವಾರ
ಬೆಂಚು ಒರೆಸಿ ಕಾದೆ.
ಕೆಮ್ಮು ಬರಲಿಲ್ಲ, ಕೋಲು ಬರಲಿಲ್ಲ.
ಗೀಟಿನ ಕೆಳಗಿನ ಸಾಲಿನಲ್ಲಿ
ಅವನ ಹೆಸರು ಬರೆದು, ಪಕ್ಕದಲ್ಲಿ ಬರೆದೆ:
ಗಟ್ಟಿಯದೊಂದು ತೆಗೆದಿಟ್ಟಿದ್ದೆ.