ಕತ್ತರಿ ಇಲ್ಲದ ದಿನ

ಮೆಟ್ರೋ ಬಾಗಿಲಲ್ಲಿ ಚೀಲ ತೆಗೆಸಿದ ಹುಡುಗ
ಕತ್ತರಿಯನ್ನು ಮೇಲೆತ್ತಿದ,
ಕಳ್ಳನ ಕಿವಿ ಹಿಡಿದ ಹಾಗೆ.
"ಇದು ಬಿಡಲ್ಲಮ್ಮ."

ಇಪ್ಪತ್ತೆರಡು ವರ್ಷದ ಕತ್ತರಿ. ಹಿಡಿಗೆ ಸುತ್ತಿದ ಚಿಂದಿ
ನಾಲ್ಕು ಸಲ ಬದಲಾಗಿದೆ, ಅಲಗು ಅದೇ.
ವಾದ ಮಾಡಲಿಲ್ಲ. ಮೆಟ್ಟಿಲ ಕೆಳಗೆ ಸೇವಂತಿಗೆ ಮಾರುವ
ಮುನಿರತ್ನಮ್ಮನ ಒದ್ದೆ ಗೋಣಿಯಡಿ ಅದನ್ನು ಮಲಗಿಸಿ
"ಸಾಯಂಕಾಲ ಬರ್ತೀನಿ" ಅಂದೆ.
ಅವಳಿಗೆ ಹೇಳಿದೆನೋ, ಅದಕ್ಕೋ.

ಚಿಕ್ಕಪೇಟೆ. ನೆಲದೊಳಗಿಂದ ಮೇಲೆ ಬಂದರೆ
ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ.
ರೇಷ್ಮೆ ಅಂಗಡಿಯ ಹುಡುಗರು ಎಲ್ಲರನ್ನೂ ಕೂಗುತ್ತಾರೆ,
ನನ್ನನ್ನು ಕೂಗುವುದಿಲ್ಲ.
ಚಪ್ಪಲಿ ನೋಡಿಯೇ ಲೆಕ್ಕ ಹಾಕಿರುತ್ತಾರೆ.
ಇರಲಿ. ನನ್ನ ದಾರಿ ಬೇರೆ:
ಕೈಗಾಡಿಗೆ ಪಕ್ಕೆ ಒತ್ತಿ ಎರಡು ಗಲ್ಲಿ ದಾಟಿ,
ಗುಂಡಿ, ಜಿಪ್ಪು, ಲೇಸುಗಳ ಸಾಲು ಮುಗಿದಲ್ಲಿ
ಒಂಟಿ ಬಾಗಿಲ ಅಂಗಡಿ. ಅಲ್ಲಿ ಬಟ್ಟೆಗೆ
ಮೊಳವಿಲ್ಲ, ಮೀಟರಿಲ್ಲ. ಕಿಲೋ.

ನಸೀರ್ ಸಾಬರು ಪೀಣ್ಯದ ಮೂಟೆಯ ಕಟ್ಟು ಬಿಚ್ಚಿದರು.
ಕಂಕುಳ ಕತ್ತರಿಸಿದಾಗ ಬಿದ್ದ ಅರ್ಧಚಂದ್ರಗಳು,
ಜೇಬಿನ ಮೂಲೆ, ಗೇಣುದ್ದದ ಗೆರೆ, ಚೌಕಳಿ,
ಯಾವ ದೇಶದ ಯಾರ ಮೈಗೋ ಸೇರದೆ ಉಳಿದ ನೀಲಿ.
ಮೊಣಕೈವರೆಗೂ ಕೈ ಇಳಿಬಿಟ್ಟೆ.
ಅಕ್ಕಿಯಲ್ಲಿ ಕಲ್ಲು ಹುಡುಕುವ ಕೈ ಇದು,
ಕಣ್ಣಿಗಿಂತ ಮೊದಲು ಹತ್ತಿಯನ್ನು ಹಿಡಿಯುತ್ತದೆ,
ಪಾಲಿಯೆಸ್ಟರನ್ನು ಬಿಟ್ಟುಬಿಡುತ್ತದೆ.

ಹನ್ನೊಂದು ವರ್ಷ, ಏಳನೇ ಲೈನು, ಕಾಲರ್.
ಗಂಟೆಗೆ ತೊಂಬತ್ತು.
ಕೊರಳು ಮಾತ್ರ ನನ್ನದು. ತೋಳು ಜಯಶೀಲಳದು,
ಗುಂಡಿ ಯಾರದೋ, ಇಸ್ತ್ರಿ ಇನ್ಯಾರದೋ.
ಅಷ್ಟು ವರ್ಷದಲ್ಲಿ ಒಂದೇ ಒಂದು ಅಂಗಿಯನ್ನೂ
ನಾನು ಹೊಲಿದದ್ದು ಅನ್ನುವಂತಿರಲಿಲ್ಲ.
ಫ್ಯಾಕ್ಟರಿ ಮುಚ್ಚಿದ ಮೇಲೆ ಗದಗದ ಅತ್ತೆ
ಹಳೇ ಸೀರೆ ಹಾಸಿ, ಮೂಲೆಯಲ್ಲಿ ಕೂರಿಸಿ,
"ಇಲ್ಲಿಂದ ಸುರು ಮಾಡು, ಸುತ್ತಕೋತ ಸುತ್ತಕೋತ
ನಡೂಮಧ್ಯ ಬಾ" ಅಂದಳು.
ಎರಡು ತಿಂಗಳಿಗೆ ನಡುಮಧ್ಯ ಬಂದೆ.
ಪೂರ್ತಿ ನಾನೇ ಮಾಡಿದ ಮೊದಲ ವಸ್ತು.
ಅದರ ಮೇಲೆ ಅವಳೇ ಮಲಗಿದಳು, ಮೂರು ಚಳಿಗಾಲ.

"ಅಸ್ತರಿಗೆ ಕೆಂಪು, ಐದು ಮೀಟರ್."
"ನಿಮ್ಮ ಕತ್ತರಿ ಕೊಡಿ" ಎಂದರು ಸಾಬರು, ಎಂದಿನಂತೆ.
ಅವರದು ತುಕ್ಕು. ನನ್ನದು ಹೂವಿನ ಬುಟ್ಟಿಯಲ್ಲಿ.
ನಕ್ಕು, ಅಂಚನ್ನು ಹಲ್ಲಲ್ಲಿ ಕಚ್ಚಿ
ಎರಡೂ ಕೈಯಲ್ಲಿ ಹಿಡಿದು ಸೀಳಿದರು. ಚರ್ರ್!
ಗಲ್ಲಿಯ ಬೆಕ್ಕು ಎದ್ದು ಓಡಿತು.
ಒಂದೇ ನೂಲಿನ ಗುಂಟ, ಗೆರೆ ಎಳೆದಷ್ಟು ನೆಟ್ಟಗೆ.
ನನ್ನ ಕತ್ತರಿ ಎಂದೂ ಅಷ್ಟು ನೆಟ್ಟಗೆ ಹೋದದ್ದಿಲ್ಲ.
ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಹೋದ ಭಾನುವಾರ ಜಯನಗರದ ಕೈಕಸುಬಿನ ಸಂತೆ.
ಒಂದು ಕಡೆ ಚನ್ನಪಟ್ಟಣದ ಗಿಲಕಿ, ಇನ್ನೊಂದು ಕಡೆ ಬಿದಿರ ದೀಪ,
ನಡುವೆ ಹಗ್ಗದ ಮೇಲೆ ನನ್ನ ನಾಲ್ಕು ಕೌದಿ.
"ಹಳೇ ಬಟ್ಟೆಗೆ ಇಷ್ಟೊಂದಾ?" ಎಂದು ಹೋದವರು ಒಂಬತ್ತು ಜನ.
ಒಬ್ಬ ಮುದುಕರು ಮಾತ್ರ ಅಂಚು ಮಗುಚಿ
ಹಿಂಬದಿಯ ಹೊಲಿಗೆ ನೋಡಿದರು, ತುಂಬ ಹೊತ್ತು.
"ಎಷ್ಟು ದಿನ ಹಿಡೀತು?"
"ನಲವತ್ತು ಸಂಜೆ, ಎರಡು ಜ್ವರ, ಒಂದು ಗ್ರಹಣ."
ಕೊಳ್ಳಲಿಲ್ಲ. ಆದರೆ ಮಡಚುವಾಗ
ನನ್ನ ಮಡಿಕೆಯ ಗುರುತಿನ ಮೇಲೇ ಮಡಚಿಟ್ಟರು.
ಅಷ್ಟೇ ಸಾಕಾಯಿತು ಅನ್ನಲಾರೆ.
ಒಂದನೇ ತಾರೀಖು ಬಾಡಿಗೆ ಇದೆ.

ಏಳು ಕಿಲೋ ಚಿಂದಿ, ಐದು ಮೀಟರ್ ಕೆಂಪು,
ಉಳಿದ ಇಪ್ಪತ್ತಕ್ಕೆ ಎರಡು ನೂಲುಂಡೆ.
ಮೂಟೆಗೆ ಸೀಟಿಲ್ಲ, ತೊಡೆಯ ಮೇಲೇ ಕೂತಿತು.
ಬೆಚ್ಚಗಿತ್ತು. ಕೌದಿಯಾಗುವ ಮೊದಲೇ
ಕೆಲಸ ಶುರು ಮಾಡಿತ್ತು.

ಮೆಟ್ಟಿಲಿಳಿದಾಗ ಮುನಿರತ್ನಮ್ಮ
ನನ್ನ ಕತ್ತರಿಯಲ್ಲೇ ಬಾಳೆನಾರು ಕತ್ತರಿಸುತ್ತಿದ್ದಳು,
ಅಲಗಿಗೆಲ್ಲ ಸೇವಂತಿಗೆಯ ಹಸಿರು.
"ಚೆನ್ನಾಗಿ ಕೂರ್ತದೆ ಕಣಕ್ಕ ಕೈಗೆ.
ಯಾವಾಗ ಹೋಗ್ತೀಯ ಮತ್ತೆ, ಪೇಟೆಗೆ?"

ರಾತ್ರಿ ಮೂಲೆಯಲ್ಲಿ ಚಿಟಿಕೆ ಜೋಳ ಇಟ್ಟು
(ಹೊಟ್ಟಿಗಿಲ್ಲದ ಕೌದಿ ಮೈ ಕಾಯಂಗಿಲ್ಲ, ಅತ್ತೆಯ ಮಾತು)
ಮೊದಲ ಎಳೆ ಪೋಣಿಸಿದೆ.
ಕೆಂಪಿನ ಅಂಚು ನೇರ, ಚಿಂದಿ ವಕ್ರ,
ಬೆರಳಲ್ಲಿ ಹೂವಿನ ವಾಸನೆ.
ಕತ್ತರಿ ತೊಳೆದಿರಲಿಲ್ಲ.