ಚಕ್ಕುಬಂದಿ

ಇಂಡಿ ಸಬ್‌ರಜಿಸ್ಟ್ರಾರ್ ಕಚೇರಿ ಎದುರು, ಬೇವಿನ ಗಿಡದ ಬುಡಕ್ಕ
ಮೂವತ್ತೊಂದು ವರ್ಷ ಕುಂತು ಬರದೇನಿ, ಎಲ್ಲಾ ಮಂದಿಯದು.
ಧೂಳಪ್ಪ ಬಿನ್ ಭೀಮಣ್ಣ ಝಳಕಿ ಅಂತ ನನ್ನ ಹೆಸರು ಬರೂದು
ಕಡೀ ಹಾಳಿಯ ಕಡೀ ಸಾಲಿನ್ಯಾಗ,
ಬಿಕ್ಕಲಂ ಅಂತ,
ಅದೂ ಸಣ್ಣ ಅಕ್ಷರದಾಗ.

ಒಮ್ಮೆ ಹೆಬ್ಬಟ್ಟಿಗೆ ಮಸಿ ಹಚ್ಚೂಮುಂದ
ಲಚ್ಯಾಣದ ಸಾತವ್ವ ಕೈ ಹಿಂದ ಜಗ್ಗಿದಳು:
“ಹನ್ನೊಂದು ನಿಂಬಿ ಗಿಡ ಅಂತ ಬರದೀರಿ, ಖರೆ.
ಮೂರನೇದ್ದು ಸಿಟ್ಟಿನ ಗಿಡ ಐತ್ರಿ,
ಮಾತಾಡಿಸಿದ್ರಷ್ಟಽ ಕಾಯಿ ಬಿಡತೈತಿ. ಅದನ್ನೂ ಹಾಕ್ರಿ.”
ಹಾಕೂದೆಲ್ಲಿ? ಅದಕ್ಕ ಕಲಂ ಇರಲಿಲ್ಲ.
ಮನಿಗೆ ಹೋಗಿ, ಕೆಟ್ಟ ಛಾಪಾ ಕಾಗದದ ಬೆನ್ನಿಗೆ ಬರದಿಟ್ಟೆ.

ಹಂಗ ಬರದದ್ದು ಗಂಟು ಕಟ್ಟಿದರ ತೆಲಿದಿಂಬಿನಷ್ಟಾತು.
ಅಣ್ತಮ್ಮರು ಬಾವಿ ಹಂಚಿಕೊಂಡು
ಹಗ್ಗ ಹಂಚಿಕೊಳ್ಳದ್ದು,
ಮನಿ ಮಾರಿದಾಂವ ಕೀಲಿ ಕೊಡೂದು ಮರತದ್ದಲ್ಲ, ಮರತಂಗ ಮಾಡಿದ್ದು.
ವಿಜಯಪುರದಾಗ ಪ್ರಕಾಶಕರೊಬ್ಬರು ಗಂಟು ಕೈಯಾಗ ತೂಗಿ
“ಮುನ್ನೂರು ಪ್ರತಿ ನೀವಽ ತಗೋತೀರೇನ್ರಿ?” ಅಂದ್ರು.
ತಗೊಂಡು ಎಲ್ಲಿಡಲಿ?
ಇರೂದೊಂದು ಟ್ರಂಕು, ಅದರ ತುಂಬ ಮಂದಿಯ ಉತಾರ.

ಜೆರಾಕ್ಸ್ ಅಂಗಡಿ ಆಸ್ಮಾ ಅಂದಳು, “ಕಾಕಾ, ಇ-ಬುಕ್ ಮಾಡೂಣು.”
ತಾಸಿಗೆ ಮೂವತ್ತು ರೂಪಾಯಿ, ಚಹಾ ನನ್ನದು.
ನಾ ಓದಿದೆ, ಆಕಿ ಕುಟ್ಟಿದಳು, ಹದಿಮೂರು ರವಿವಾರ,
ಕರೆಂಟ್ ಹೋದ ಎರಡು ಬಿಟ್ಟು.
ಸಿಟ್ಟಿನ ಗಿಡ ಎರಡು ಸರತೆ ಸಿಟಿ ಗಿಡ ಆತು.
ಮುಖಪುಟಕ್ಕ ಎದುರಿನ ಬುಟ್ಟಿಯ ನಿಂಬಿಹಣ್ಣು ಫೋಟೊ ಹೊಡದಳು,
ಬುಟ್ಟಿ ಮುದುಕಿ ಬಿಟ್ಟಾಳೇನು,
ನಾಕು ಹಣ್ಣು ನನಗಽ ಮಾರಿದಳು.

ಆಮ್ಯಾಲೆ ಫಾರಂ ಬಂತು.
ಹಕ್ಕು ಯಾರದು?
ನನ್ನದು ಅಂದೆ. ಧ್ವನಿ ಸಣ್ಣಾತು.
ಅದರಾಗ ಸಾತವ್ವಂದು ಎಷ್ಟು ಗುಂಟೆ, ಯಾರು ಅಳದು ಹೇಳಬೇಕು?
ಯಾವ ಸೀಮೆಯೊಳಗ ಮಾರಾಟ?
ಆಸ್ಮಾ ಓದಿದಳು: “ಇಡೀ ಜಗತ್ತು.”
ಒತ್ತಲೇನು ಅಂತ ಕೇಳಿದಳು.
ತಡಿಯವಾ,
ಇಡೀ ಜಗತ್ತಿನ ಪೂರ್ವಕ್ಕ ಯಾರ ಹೊಲ ಅಂತ ಬರಿಯೂಣು?

ಬೆಲಿ ನಲವತ್ತೊಂಬತ್ತು.
ಎಂಟನೇ ದಿನಕ್ಕ ಪರದೆ ಮ್ಯಾಲೆ ಒಂದು ಅನ್ನೂ ಅಂಕಿ.
ಕೊಂಡಾಂವನ ಮಾರಿ ನೋಡದ ಖರೀದಿ ನನ್ನ ಜನ್ಮದಾಗ ಇದೊಂದಽ.
ಸಾಕ್ಷಿ ಇಲ್ಲ, ಹೆಬ್ಬಟ್ಟಿಲ್ಲ, ಪೇಢೆ ಹಂಚಲಿಲ್ಲ ಯಾರೂ.
ನಿಧಿ ನಿಕ್ಷೇಪ ಜಲ ತರು ಪಾಷಾಣ ಸಹಿತ
ಸ್ವಸಂತೋಷದಿಂದ ಬರೆದುಕೊಟ್ಟೆನು,
ಇನ್ನು ನನ್ನದಾಗಲಿ ನನ್ನ ವಾರಸುದಾರರದಾಗಲಿ
ತಂಟೆ ತಕರಾರು ಇರುವುದಿಲ್ಲ,
ಅಂತ ನಾನಽ ಒಳಗೊಳಗ ಓದಿಕೊಂಡೆ.

ಮರುದಿನ ಅದು ಸೊನ್ನಿ.
ವಾಪಸ್ ಮಾಡ್ಯಾನ. ಒಂದಽ ಚುಕ್ಕಿ, ಕೆಳಗ ಒಂದು ಸಾಲು:
“ಖರೀದಿ ಪತ್ರದ ನಮೂನೆ ಸಿಗತಾವಂತ ತಗೊಂಡೆ, ಒಂದೂ ಇಲ್ಲ.”
ಆಸ್ಮಾ ಪ್ರಿಂಟರಿಗೆ ಹಾಳಿ ತುಂಬಾಕ ಹತ್ತಿದಳು, ತುಂಬಿದ್ದಕ್ಕಽ ಮತ್ತ.
ನನಗ ನಗಿ ಬಂತು. ಅಂವ ಹೇಳಿದ್ದು ಖರೆ ಐತಿ.
ನಮೂನೆದಾಗ ಹಿಡೀಲಾರದ್ದಷ್ಟಽ ಅದರಾಗಿರೂದು.

ನಿನ್ನೆ ಸಂಜೀಕ ಮತ್ತೊಂದು.
ಇವತ್ತ ಮುಂಜಾನೆ ನೋಡಿದೆ, ಇನ್ನೂ ಐತಿ.
ನನ್ನ ಪಾಲು ಹದಿನೇಳು ರೂಪಾಯಿ ಹದಿನೈದು ಪೈಸೆ.
ಯಾರ್ರಿ ನೀವು, ಯಾರ ಬಿನ್, ಯಾರ ಕೋಂ?
ಹೆಸರು ಬ್ಯಾಡ, ಊರೂ ಹೇಳಬ್ಯಾಡ್ರಿ,
ಓದಾಕ ಕುಂತ ಜಾಗದ ಚಕ್ಕುಬಂದಿ ಅಷ್ಟು ಹೇಳ್ರಿ.
ಪೂರ್ವಕ್ಕ ಏನೈತಿ, ಪಶ್ಚಿಮಕ್ಕ ಯಾರು ಮಲಗ್ಯಾರ,
ದಕ್ಷಿಣಕ್ಕ ಹೋಗೂ ದಾರಿ ಯಾರ ಹಕ್ಕಿಂದು.
ಉತ್ತರಕ್ಕ ಏನೂ ಇಲ್ಲ ಅನ್ನಿಸಿದ್ರ
ಖಾಲಿ ಅಂತ ಬರಿಸಬ್ಯಾಡ್ರಿ.
ಖಾಲಿ ಜಾಗಾ ನಾ ಇಲ್ಲಿತನಕ ಒಂದೂ ನೋಡಿಲ್ಲ.
ಯಾರದಾರ ಇರತೈತಿ.
ಎದ್ದು ಹೋಗಿ ಕೇಳ್ರಿ.